ಸೂಜಕ್ಕನ ಗೆಳತಿಯ ಗೂಡು

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ಕೆರೆಯ ಸುತ್ತ ಮರಗಳು. ಒಂದೊಂದು ಮರದಲ್ಲೂ ಒಂದೊಂದು ಕೂಟ. ಅತ್ತಿಮರದಲ್ಲಿ ಹೊಲಿಗೆ ಬಲ್ಲವರ ಕೂಟ, ಆಚೆ ದಡದ ಈಚಲಮರದಲ್ಲಿ ನೇಯ್ಗೆಯವರ ಕೂಟ, ದಂಡೆಯ ಮೇಲೆ ಮಣ್ಣಿನ ಮನೆ ಕಟ್ಟುವ ಕಣಜದ ಹುಳುಗಳ ಕೂಟ, ಜೊಂಡಿನ ನಡುವೆ ಹಾಡಿನ ಹುಚ್ಚಿನ ಕಪ್ಪೆಗಳ ಕೂಟ. ಸಂಜೆ ಹೊಟ್ಟೆಪಾಡಿನ ಕೆಲಸ ಮುಗಿದರೆ ಸಾಕು, ಯಾರಿಗೆ ಯಾವುದರ ಮೇಲೆ ಪ್ರೀತಿಯೋ ಅವರು ಆ ಕೂಟಕ್ಕೆ ಹೋಗಿ ಕೂರುತ್ತಿದ್ದರು.

ಇಷ್ಟೆಲ್ಲ ಕೂಟಗಳಿದ್ದರೂ ಅವಕ್ಕೆಲ್ಲ ಒಬ್ಬ ಯಜಮಾನ ಅಂತ ಇರಲಿಲ್ಲ. ಹಿಂದೊಮ್ಮೆ ಒಂದು ನವಿಲು ಬಂದು, "ಎಲ್ಲರೂ ನನ್ನ ಆಲದಮರಕ್ಕೇ ಬಂದುಬಿಡಿ, ನಾನೇ ಎಲ್ಲ ನೋಡಿಕೊಳ್ತೀನಿ" ಎಂದು ಗರಿ ಬಿಚ್ಚಿತ್ತಂತೆ. "ಗರಿ ಚೆನ್ನಾಗಿದೆ ಸ್ವಾಮಿ, ನಮ್ಮ ಮರ ನಮಗಿರಲಿ" ಎಂದು ಇವರೆಲ್ಲ ಕೈಮುಗಿದರಂತೆ. ಪ್ರತಿ ಮರಕ್ಕೂ ಅದರದೇ ರೀತಿ ರಿವಾಜು.

ಒಂದು ಮರದವರಿಗೆ ಗೊತ್ತಿಲ್ಲದ್ದನ್ನು ಇನ್ನೊಂದು ಮರದವರನ್ನು ಕೇಳಬೇಕಾದರೆ ಪಟ್ಟೇರಾಯನಿದ್ದ. ಪಟ್ಟೇರಾಯ ಅಂದರೆ ಅಳಿಲು. ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡು ಓಡುವುದು, ಉತ್ತರ ತಂದು ಮುಟ್ಟಿಸುವುದು, ಇದೇ ಅವನ ಹವ್ಯಾಸ. ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತಿದ್ದ. ತನ್ನದೊಂದು ಮಾತು ಸೇರಿಸುತ್ತಿರಲಿಲ್ಲ.

ಅತ್ತಿಮರದ ಹೊಲಿಗೆ ಕೂಟದಲ್ಲಿ ಸೂಜಕ್ಕನದೇ ದೊಡ್ಡ ಹೆಸರು. ಎಲೆಯ ಅಂಚುಗಳನ್ನು ನಾರಿನಿಂದ ಹೊಲಿದು, ಅದರೊಳಗೆ ಹತ್ತಿ ಹಾಸಿ ಗೂಡು ಮಾಡುವ ಪುಟ್ಟ ಹಕ್ಕಿಯನ್ನು ನೀವು ನೋಡಿರಬಹುದು. ಅದನ್ನು ಸಿಂಪಿಗ ಎನ್ನುತ್ತಾರೆ. ಸೂಜಕ್ಕ ಆ ಜಾತಿಯವಳು. ಕೊಕ್ಕಿನಿಂದ ಅವಳು ಹಾಕಿದ ಹೊಲಿಗೆ ನೋಡಲು ಬೇರೆ ಮರದವರೂ ಬರುತ್ತಿದ್ದರು. ಬಂದವರು ಹೊಗಳಿದರೆ, "ಅಯ್ಯೋ, ಇದೇನು ಮಹಾ!" ಎನ್ನುತ್ತಿದ್ದಳು. ಹೊಗಳದೆ ಹೋದರೆ ಅವತ್ತು ಊಟ ಸೇರುತ್ತಿರಲಿಲ್ಲ.

ಸ್ವಲ್ಪ ಕಾಲದ ಹಿಂದೆ ಅದೇ ಕೂಟದಲ್ಲಿ ಮಿಣಿ ಎಂಬ ಎಳೆಯ ಸಿಂಪಿಗ ಅಂಜುತ್ತಾ ಕೇಳಿದ್ದಳು: "ನನ್ನ ಗೂಡಿನ ಎಲೆ ಹಳದಿ ಆಗ್ತಾ ಇದೆ. ಏನು ಮಾಡಲಿ?"

ಸೂಜಕ್ಕ ನಕ್ಕುಬಿಟ್ಟಿದ್ದಳು. "ಉದುರೋಕೆ ಬಂದ ಎಲೆಗೆ ಯಾರಾದರೂ ಹೊಲಿಗೆ ಹಾಕ್ತಾರೇನೇ? ಕಣ್ಣು ಎಲ್ಲಿಟ್ಟಿದ್ದೆ? ಮೊದಲು ಎಲೆ ನೋಡೋದು ಕಲಿ!"

ಸೂಜಕ್ಕ ನಕ್ಕ ಮೇಲೆ ಮರವೇ ನಕ್ಕಿತು. ಮಿಣಿ ಮತ್ತೇನೂ ಕೇಳದೆ ಹಾರಿಹೋದಳು. ಅಂದಿನಿಂದ ಅವಳು ಅತ್ತಿಮರದ ಕಡೆ ತಲೆ ಹಾಕಿರಲಿಲ್ಲ. ಯಾಕೆ ಬರುತ್ತಿಲ್ಲವೆಂದು ಯಾರೂ ವಿಚಾರಿಸಲಿಲ್ಲ.

ಈಗ ಕೇಳಿ ಮಕ್ಕಳೇ. ಕೆರೆ ಏರಿಯ ಕೆಳಗೆ ಒಂದು ಚಿಕ್ಕ ತೇಗದ ಗಿಡವಿತ್ತು. ಸೂಜಕ್ಕ ಈ ಸಲ ಅದರ ದೊಡ್ಡ ಎಲೆಯೊಂದನ್ನು ಮಡಿಸಿ ಹೊಲಿದು ಗೂಡು ಮಾಡಿದಳು. ಅದರಲ್ಲಿ ಮೂರು ಮೊಟ್ಟೆಗಳನ್ನಿಟ್ಟಳು. ಒಂದು ಬೆಳಿಗ್ಗೆ ಕಾವಿಗೆ ಕೂತವಳು ತಲೆ ಎತ್ತಿ ನೋಡುತ್ತಾಳೆ, ಎಲೆಯ ತೊಟ್ಟಿನ ಬಳಿ ಹಳದಿ! ಗೂಡೂ ಕೊಂಚ ಜೋತುಬಿದ್ದಿತ್ತು.

ಎಲೆ ಅಗಲವಾಗಿದೆ, ಕಡುಹಸಿರಾಗಿದೆ, ನೋಡಿದವರು ಬೆರಗಾಗುತ್ತಾರೆ ಎಂಬ ಆಸೆಯಲ್ಲಿ ಅವಳು ತೊಟ್ಟನ್ನು ಸರಿಯಾಗಿ ನೋಡಿರಲೇ ಇಲ್ಲ. ಅದು ಹಳೆಯ ಎಲೆ. ಇವತ್ತಲ್ಲ ನಾಳೆ ಉದುರುವ ಎಲೆ. ಮರಿಗಳು ಹೊರಬರಲು ಇನ್ನೂ ಸಮಯವಿತ್ತು.

ಅತ್ತಿಮರದಲ್ಲಿ ಕೇಳೋಣವೇ? ಮಿಣಿಗೆ ಅಂದ ಮಾತು ಅವಳ ಕಿವಿಯಲ್ಲೇ ಗುಂಯ್‌ಗುಟ್ಟಿತು. ಛೆ, ಯಾವ ಮುಖ ಇಟ್ಟುಕೊಂಡು ಕೇಳುವುದು! ಆಚೆ ದಡದ ಈಚಲಮರದವರನ್ನು ಕೇಳಿದರೆ? ಅಲ್ಲಿ ತನ್ನ ಗುರುತು ಹಿಡಿಯುವವರು ಕಡಿಮೆ. ಸೂಜಕ್ಕ ಪಟ್ಟೇರಾಯನನ್ನು ಕರೆದಳು.

"ಪಟ್ಟೇರಾಯಣ್ಣ, ನನ್ನ ಗೆಳತಿ ಒಬ್ಬಳಿದ್ದಾಳೆ."

"ಯಾವ ಗೆಳತಿ?"

"ನಿನಗೆ ಗೊತ್ತಿಲ್ಲ ಬಿಡು, ದೂರದವಳು. ಅವಳ ಗೂಡು ಯಾಕೋ ಜೋಲ್ತಾ ಇದೆಯಂತೆ. ಏನು ಮಾಡಬೇಕು ಅಂತ ಈಚಲಮರದಲ್ಲಿ ಕೇಳಿಕೊಂಡು ಬಾ."

"ಅಲ್ಲಿ ಸುಮ್ಮನೆ ಕೇಳಿದರೆ ಬಾಯಿ ಬಿಡಲ್ಲ ಅಕ್ಕ. ಎಂಥ ಎಲೆ, ಎಳೇದೋ ಹಳೇದೋ, ಎಲ್ಲ ಹೇಳಬೇಕು. ಅದು ಆ ಮರದ ಪದ್ಧತಿ."

ಸೂಜಕ್ಕ ಕ್ಷಣ ತಡವರಿಸಿದಳು. "ಎಳೇ ಎಲೆ. ಹಚ್ಚಹಸಿರು. ನನ್ನ ಗೆಳತಿ ಅಂದಮೇಲೆ ಹಳೇ ಎಲೆ ಆರಿಸ್ತಾಳಾ?"

ಪಟ್ಟೇರಾಯ ಓಡಿದ. ಈಚಲಮರದಲ್ಲಿ ಗೀಜಗಜ್ಜ ಎಂಬ ಮುದಿ ಗೀಜಗ ಹಕ್ಕಿ ಇತ್ತು. ಅದು ಪ್ರಶ್ನೆಯನ್ನು ಕಣ್ಣು ಮುಚ್ಚಿ ಕೇಳಿತು. ತನ್ನ ಕೂಟದವರೊಂದಿಗೆ ಚರ್ಚಿಸಿತು. ಗುರುತು ಪರಿಚಯ ಇಲ್ಲದ ಯಾರದೋ ಗೂಡಿಗಾಗಿ ಅವರೆಲ್ಲ ಸಂಜೆಯ ಹರಟೆ ಬಿಟ್ಟು ತಲೆ ಕೆಡಿಸಿಕೊಂಡರು. ಕೊನೆಗೆ ಅಜ್ಜ ಹೇಳಿತು:

"ಎಳೇ ಎಲೆ ಇನ್ನೂ ಬೆಳೆಯುತ್ತೆ. ಹೊಲಿಗೆ ಬಿಗಿಯಾದ್ದರಿಂದ ಎಳೆದುಕೊಂಡು ಜೋಲ್ತಾ ಇದೆ. ಮೇಲಿನ ಒಂದೆರಡು ಹೊಲಿಗೆ ಬಿಚ್ಚೋಕೆ ಹೇಳು. ಎಲೆಗೆ ಉಸಿರಾಡೋಕೆ ಜಾಗ ಸಿಕ್ಕರೆ ತಾನೇ ಸರಿಹೋಗುತ್ತೆ."

ಒಳ್ಳೆಯ ಸಲಹೆಯೇ. ಆದರೆ ಯಾವ ಎಲೆಗೆ?

ಗಾಬರಿಯಲ್ಲಿದ್ದ ಸೂಜಕ್ಕನಿಗೆ ಅದನ್ನು ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ಎಳೆ ಎಲೆ, ಎಳೆ ಎಲೆ ಎಂದು ಹೇಳಿ ಹೇಳಿ ಅವಳೇ ಅರ್ಧ ನಂಬಿದ್ದಳು ಎಂದು ಕಾಣುತ್ತದೆ. ಮರುದಿನ ಬೆಳಗಾಗುತ್ತಲೇ ಮೇಲಿನ ಒಂದು ಹೊಲಿಗೆ ಬಿಚ್ಚಿದಳು. ಎರಡನೆಯದನ್ನು ಬಿಚ್ಚುವಷ್ಟರಲ್ಲಿ ಒಣಗಿದ ಅಂಚು ಪರ್ರೆಂದು ಹರಿಯಿತು. ಗೂಡು ಒಂದು ಕಡೆಗೆ ವಾಲಿತು. ಹತ್ತಿ ಜಾರಿತು. ಒಂದು ಮೊಟ್ಟೆ ಉರುಳುತ್ತಾ ಅಂಚಿಗೆ ಬಂದು ನಿಂತಿತು.

"ಅಯ್ಯೋ!" ಸೂಜಕ್ಕ ರೆಕ್ಕೆ ಅಡ್ಡ ಹಿಡಿದಳು. ಒಂದನ್ನು ತಡೆದರೆ ಇನ್ನೊಂದು ಜಾರುತ್ತಿತ್ತು.

ಆಗ ಕೆಳಗಿನ ಪೊದೆಯಲ್ಲಿ ಹುಳ ಹುಡುಕುತ್ತಿದ್ದ ಯಾರೋ ಭರ್ರನೆ ಹಾರಿಬಂದು, ಹರಿದ ಎಲೆಯ ಕೆಳಗೆ ನುಗ್ಗಿ, ಬೆನ್ನು ಕೊಟ್ಟು ನಿಂತರು. ಗೂಡು ಅಷ್ಟಕ್ಕೆ ನಿಂತಿತು. ಸೂಜಕ್ಕ ಬಗ್ಗಿ ನೋಡಿದಳು. ಮಿಣಿ!

"ಅಕ್ಕಾ, ನಾನು ತುಂಬಾ ಹೊತ್ತು ಹಿಡಿಯೋಕಾಗಲ್ಲ. ಕೂಗು. ಎಲ್ಲರನ್ನೂ ಕರಿ."

"ಏನಂತ ಕೂಗಲೇ? ಎಲೆ ನೋಡಿದರೆ ನಗ್ತಾರೆ."

"ನಗಲಿ ಬಿಡು ಅಕ್ಕ. ನನ್ನ ಗೂಡು ಬಿದ್ದಾಗ ಯಾರೂ ನಗಲಿಲ್ಲ. ಯಾಕಂದ್ರೆ ಯಾರಿಗೂ ಗೊತ್ತೇ ಆಗಲಿಲ್ಲ."

ಮಿಣಿಯ ಗೂಡು ಬಿದ್ದಿತ್ತು. ಅದರೊಳಗೆ ಮೊಟ್ಟೆಗಳಿದ್ದವೇ ಎಂದು ಕೇಳಲು ಸೂಜಕ್ಕನಿಗೆ ಧೈರ್ಯ ಬರಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮಿಣಿಯ ಮುಖವೇ ಹೇಳುತ್ತಿತ್ತು. ಅವತ್ತು ತಾನು ನಗದೆ ಒಂದು ಒಳ್ಳೆಯ ಮಾತು ಆಡಿದ್ದರೆ! ಸೂಜಕ್ಕ ಕೊರಳೆತ್ತಿ, ಕೆರೆಗೆಲ್ಲ ಕೇಳುವ ಹಾಗೆ ಕೂಗಿದಳು:

"ಯಾರಾದರೂ ಬನ್ನಿ! ಗೂಡು ಗೆಳತೀದಲ್ಲ, ನಂದು! ಎಲೆ ಹಳೇದು, ಹಳದಿ ಆಗಿದೆ, ನಾನೇ ಆರಿಸಿದ್ದು! ನನ್ನ ಮೊಟ್ಟೆ ಬೀಳ್ತಾ ಇದೆ!"

ಪಟ್ಟೇರಾಯ ಬಾಲ ಎತ್ತಿಕೊಂಡು ಮರದಿಂದ ಮರಕ್ಕೆ ಓಡಿದ. ಈ ಸಲವೂ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ. ಯಾವ ಮರದವರೂ ಯಾರ ಅಪ್ಪಣೆಗೂ ಕಾಯಲಿಲ್ಲ. ಈಚಲಮರದಿಂದ ಗೀಜಗಜ್ಜ ಉದ್ದನೆಯ ನಾರು ಕಚ್ಚಿಕೊಂಡು ಹಾರಿಬಂತು. ಅತ್ತಿಮರದ ಸಿಂಪಿಗಗಳೆಲ್ಲ ಬಂದವು. ಕಣಜಗಳು ಹಸಿಮಣ್ಣಿನ ಉಂಡೆ ಹಿಡಿದು ಬಂದವು. ಕಪ್ಪೆಗಳಿಗೆ ಮಾಡಲು ಏನೂ ಇರಲಿಲ್ಲ. ಆದರೂ ಗಿಡದ ಬುಡಕ್ಕೆ ಬಂದು, ಹೆದರಬೇಡಿ ಹೆದರಬೇಡಿ ಎಂದು ವಟಗುಟ್ಟಿದವು.

ಹಳದಿ ಎಲೆ ನೋಡಿ ಸಿಂಪಿಗಗಳಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಗೀಜಗಜ್ಜ ತಿರುಗಿ ನೋಡಿತು. ಆಮೇಲೆ ಯಾರೂ ನಗಲಿಲ್ಲ.

"ಎಲೆ ಉದುರೋದನ್ನ ತಪ್ಪಿಸೋಕೆ ನಮ್ಮಿಂದಾಗಲ್ಲ," ಎಂದಿತು ಅಜ್ಜ. "ಗೂಡನ್ನ ರೆಂಬೆಗೇ ಕಟ್ಟೋಣ. ಪಕ್ಕದ ಎರಡು ಎಳೇ ಎಲೆಗೂ ಸೇರಿಸಿ ಹೊಲೀರಿ. ಆಮೇಲೆ ಇದು ಉದುರಲಿ, ಚಿಂತೆಯಿಲ್ಲ."

ಗೀಜಗಗಳು ನಾರು ಸುತ್ತಿದವು. ಸಿಂಪಿಗಗಳು ಹೊಲಿದವು. ಗಂಟುಗಳ ಮೇಲೆ ಕಣಜಗಳು ಮಣ್ಣು ಮೆತ್ತಿದವು. ಮಿಣಿ ಕೊನೆಯ ಗಂಟು ಬೀಳುವ ತನಕ ಬೆನ್ನು ತೆಗೆಯಲಿಲ್ಲ.

ಕೆಲಸ ಮುಗಿದ ಮೇಲೆ ಅಜ್ಜ ಸೂಜಕ್ಕನ ಪಕ್ಕ ಕೂತಿತು.

"ಅಲ್ಲಮ್ಮಾ, ನಿನ್ನೆ ಎಳೇ ಎಲೆ ಅಂದೆ. ಎಳೇ ಎಲೆಗೆ ಏನು ಬೇಕೋ ಅದನ್ನ ನಾನು ಹೇಳಿದೆ. ನಿನ್ನ ಮೊಟ್ಟೆಗೆ ಏನಾದರೂ ಆಗಿದ್ದರೆ? ನನ್ನ ಮಾತಿನಿಂದಲೇ ಆಯಿತು ಅಂತ ನಾನು ಸಾಯೋ ತನಕ ಕೊರಗಬೇಕಿತ್ತು."

"ತಪ್ಪಾಯಿತು ಅಜ್ಜ," ಎಂದಳು ಸೂಜಕ್ಕ. ಹಾಗೆ ಹೇಳುವಾಗ ಅವಳು ನೋಡುತ್ತಿದ್ದುದು ಮಿಣಿಯನ್ನು. "ಎಲ್ಲಕ್ಕಿಂತ ದೊಡ್ಡ ತಪ್ಪು ನಿನಗೆ ಮಾಡಿದೆ ಕಣೇ. ಅವತ್ತು ನೀನು ನಿಜ ಹೇಳಿದೆ, ನಾನು ನಕ್ಕೆ."

ಮಿಣಿ ತಲೆ ತಗ್ಗಿಸಿದಳು. "ಪರವಾಗಿಲ್ಲ ಅಕ್ಕ" ಎನ್ನಲಿಲ್ಲ. ಪರವಾಗಿಲ್ಲ ಎನ್ನುವಂಥದ್ದಾಗಿರಲಿಲ್ಲ ಅದು. ಸುಮ್ಮನೆ ಬಂದು ಸೂಜಕ್ಕನ ಪಕ್ಕ ಒತ್ತಿಕೊಂಡು ಕೂತಳು. ಸೂಜಕ್ಕ ಅವಳ ಬೆನ್ನಿನ ಕೆದರಿದ ಗರಿಗಳನ್ನು ಒಂದೊಂದಾಗಿ ಸರಿಪಡಿಸಿದಳು.

ಕೆಲವು ದಿನಗಳಲ್ಲಿ ಹಳದಿ ಎಲೆ ತೊಟ್ಟು ಕಳಚಿತು. ಗೂಡು ಅಲುಗಿತು, ಬೀಳಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಗೂಡಿನೊಳಗಿಂದ ಸಣ್ಣ ದನಿಗಳು ಕೇಳಿದವು. ಸೂಜಕ್ಕ ಎಲ್ಲರಿಗಿಂತ ಮೊದಲು ಕರೆದದ್ದು ಮಿಣಿಯನ್ನು. ಮಿಣಿ ಗೂಡಿನ ಅಂಚಿನಲ್ಲಿ ಕೂತು, ಕಣ್ಣು ಬಿಡದ ಆ ಮೂರು ಮರಿಗಳನ್ನು ತುಂಬಾ ಹೊತ್ತು ನೋಡಿದಳು.

"ಒಳಗೆ ಬಾ," ಎಂದಳು ಸೂಜಕ್ಕ ಪಕ್ಕಕ್ಕೆ ಸರಿದು. "ಸ್ವಲ್ಪ ಹೊತ್ತು ನೀನು ಕಾವಿಗೆ ಕೂತುಕೋ. ನಾನು ಹುಳ ತರ್ತೀನಿ."

ಮಿಣಿ ಮೆಲ್ಲಗೆ ಒಳಗಿಳಿದು, ರೆಕ್ಕೆ ಹರಡಿ, ಮರಿಗಳನ್ನು ಮುಚ್ಚಿಕೊಂಡು ಕೂತಳು.

ನೀತಿ: ನಿಜವನ್ನು ಬಚ್ಚಿಟ್ಟು ಸಲಹೆ ಕೇಳಿದರೆ, ಸಿಗುವ ಸಲಹೆ ನಮ್ಮ ಸುಳ್ಳಿಗೆ ಹೊಂದುತ್ತದೆಯೇ ಹೊರತು ನಮ್ಮ ಕಷ್ಟಕ್ಕಲ್ಲ; ನಿಜ ಹೇಳಿ ಕೇಳಿದವರನ್ನು ನೋಡಿ ಎಂದೂ ನಗಬಾರದು.