ಹುಟ್ಟುಗೋಲು ಮುಟ್ಟದ ಗುರು

ಕೇಳ್ರಪ್ಪ ಮಕ್ಕಳೇ, ಎರಡು ಹೊಳೆಗಳ ನಡುವೆ ಒಂದು ರಾಜ್ಯವಿತ್ತು. ಅಲ್ಲಿ ಹರಿಗೋಲು ನಡೆಸಲು ಬಾರದವರು ಪಕ್ಕದೂರಿಗೂ ಹೋಗುವಂತಿರಲಿಲ್ಲ. ಅದಕ್ಕೇ ರಾಜ ಹೊಳೆದಂಡೆಯಲ್ಲಿ ಒಂದು ಶಾಲೆ ಇಟ್ಟಿದ್ದ. ಅಲ್ಲಿ ಕಲಿಸುವವಳು ದ್ಯಾಮವ್ವ.

ಹರಿಗೋಲು ಅಂದರೆ ದುಂಡು ಬುಟ್ಟಿಯಂಥ ದೋಣಿ. ಬಾರದವರ ಕೈಗೆ ಸಿಕ್ಕರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ದ್ಯಾಮವ್ವ ಮಕ್ಕಳ ಕೈಗೆ ಹುಟ್ಟುಗೋಲು ಕೊಟ್ಟು ಎದುರಿಗೆ ಕೂರುತ್ತಿದ್ದಳು. ತಿರುಗಿದರೆ ತಿರುಗಲಿ ಅನ್ನುತ್ತಿದ್ದಳು. ಆದರೆ ಅವಳ ಕಣ್ಣು ಮಗುವಿನ ಮೊಣಕೈ ಬಿಟ್ಟು ಕದಲುತ್ತಿರಲಿಲ್ಲ. ಮಗು ಇನ್ನೇನು ಅತ್ತೇಬಿಡುತ್ತದೆ ಅನ್ನುವಾಗ, "ನೀರು ಯಾವ ಕಡೆ ಎಳೀತೈತಿ, ನೋಡವ್ವ" ಅಂತ ಒಂದೇ ಮಾತು.

ರಾಜ ನೋಡಲು ಬಂದ. ಮಕ್ಕಳು ತಿರುಗುತ್ತಿದ್ದರು, ದ್ಯಾಮವ್ವ ಕೂತಿದ್ದಳು. ಇನ್ನೊಮ್ಮೆ ಬಂದ. ಆಗಲೂ ತಿರುಗುತ್ತಿದ್ದರು, ಆಗಲೂ ಕೂತಿದ್ದಳು. ಮೂರನೆಯ ಸಲ ಅವನಿಗೆ ಸಿಟ್ಟು ನೆತ್ತಿಗೇರಿತು.

"ಸುಮ್ಮನೆ ಕೂರೋಕೆ ಗುರು ಯಾಕೆ? ನಡಿ ಆಚೆ!"

"ಇನ್ನೊಂದು ತಿಂಗಳು ಕೊಡ್ರಿ, ದೊರಿ. ಈ ಹುಡುಗಿ ಪಾರಿಗೆ ಈಗ ಕೈ ಕುದುರಾಕ ಹತ್ತೈತಿ."

ಕೊಡಲಿಲ್ಲ. ಆಸ್ಥಾನದ ಪಂಡಿತ ಚಂದ್ರಮೌಳಿ ಗುರುವಾದ. ಹದಿನೈದೇ ದಿನಕ್ಕೆ ರಾಜನನ್ನು ಕರೆಸಿದ. ಮಕ್ಕಳು ಹುಟ್ಟು ಹಾಕುವ ನಿಯಮಗಳನ್ನು ಹಾಡುತ್ತಾ ನೆಟ್ಟಗೆ ಆಚೆ ದಡ ಸೇರಿದರು. ರಾಜ ಶಾಲು ಹೊದಿಸಿದ. ದಂಡೆಯಲ್ಲಿದ್ದ ದ್ಯಾಮವ್ವನಿಗೆ ಮಾತ್ರ ಹರಿಗೋಲಿಗೆ ಕಟ್ಟಿದ್ದ ನೀರೊಳಗಿನ ಹಗ್ಗ ಕಂಡಿತು. ಆಚೆ ಪೊದೆಯ ಹಿಂದೆ ಎತ್ತುಗಳು ಅದನ್ನು ಎಳೆಯುತ್ತಿದ್ದವು.

"ಹಗ್ಗ ಬಿಚ್ಚಿಸಿ ನೋಡ್ರಿ" ಅಂದಳು. "ಹೊಟ್ಟೆಕಿಚ್ಚು" ಅಂತ ಎಲ್ಲರೂ ನಕ್ಕರು.

ಮಳೆಗಾಲ ಬಂತು. ಪಾರಿ ತನ್ನ ಅವ್ವನಿಗೆ ಮದ್ದು ತರಲು ಒಬ್ಬಳೇ ಹೊಳೆಗಿಳಿದಳು. ಹರಿಗೋಲು ತಿರುಗಿತು, ತಿರುಗಿತು, ಮಗುಚಿತು. ಪಾರಿ ಸಿಗಲೇ ಇಲ್ಲ.

"ಹುಡುಗಿ ಪಾಠ ಮರೆತಿದ್ದಾಳೆ" ಅಂದ ಚಂದ್ರಮೌಳಿ. ರಾಜ ತಲೆಯಾಡಿಸಿದ. ದ್ಯಾಮವ್ವನ ಎದೆ ಉರಿದುಹೋಯಿತು. ಆದರೂ ಕೈಮುಗಿದಳು.

"ಹೌದ್ರಿ ದೊರಿ, ನಿಮ್ಮ ಗುರುಗಳು ದೊಡ್ಡವರು. ನಿಮ್ಮನ್ನ ಅವರೇ ಹೊಳಿ ದಾಟಸ್ಲಿ. ಊರು ನೋಡಿ ಕಲೀಲಿ. ನಾನೂ ಹರಿಗೋಲದಾಗ ಒಂದು ಬದಿಗೆ ಕೂತು ಕಲೀತೀನಿ."

ತನ್ನ ಗುರುವಿನ ಹೊಗಳಿಕೆಗೆ ಉಬ್ಬಿದ ರಾಜ ಹರಿಗೋಲು ಹತ್ತಿ ಕೂತೇಬಿಟ್ಟ. ಚಂದ್ರಮೌಳಿಗೆ ಬೇರೆ ದಾರಿ ಇರಲಿಲ್ಲ. ನಡುಹೊಳೆಯಲ್ಲಿ ಹರಿಗೋಲು ಬುಗುರಿಯಾಯಿತು. "ಹಗ್ಗ! ಯಾರಾದರೂ ಹಗ್ಗ ಎಳೀರೋ!" ಅಂತ ಅವನೇ ಕಿರುಚಿದ.

ದ್ಯಾಮವ್ವ ಹುಟ್ಟುಗೋಲು ಕಿತ್ತುಕೊಂಡು ಇಬ್ಬರನ್ನೂ ದಡ ಮುಟ್ಟಿಸಿದಳು. ರಾಜ ಚಂದ್ರಮೌಳಿಯನ್ನು ಗಡಿ ದಾಟಿಸಿದ. ಆಮೇಲೆ ತಲೆತಗ್ಗಿಸಿ, "ಶಾಲೆಗೆ ಬಾ ತಾಯಿ" ಅಂದ.

"ಬರ್ತೀನ್ರಿ. ಉಳಿದ ಮಕ್ಕಳಿಗಾಗಿ ಬರ್ತೀನಿ. ಪಾರೀನ ಯಾರು ಕರಕೊಂಡು ಬರ್ತಾರ, ದೊರಿ?"



ನೀತಿ ಇಷ್ಟೇ, ಮಕ್ಕಳೇ: ಕಲಿಯುವವರನ್ನು ಎಳೆದು ದಾಟಿಸುವವನು ಗುರುವಲ್ಲ. ತಪ್ಪಲು ಬಿಟ್ಟು, ಕಣ್ಣು ತೆಗೆಯದೆ ಜೊತೆಗೆ ಕೂರುವವರೇ ಗುರು. ಅದನ್ನು ತಿಳಿಯದ ದೊರೆಯ ತಪ್ಪಿಗೆ ಬೆಲೆ ತೆರುವವರು ಮಕ್ಕಳು.