ಸೌದೆ ತರದವರ ಜಾಗ

ಅಮೆರಿಕ ಇನ್ನೂ ಹೊಸ ದೇಶವಾಗಿದ್ದ ಕಾಲ. ಮಕ್ಕಳ ಫೀಸಿಗೆ ಬದಲಾಗಿ ರೈತರು ಶಾಲೆಗೆ ಒಂದು ಗಾಡಿ ಸೌದೆ ಹಾಕಬೇಕಿತ್ತು, ಸರದಿಯಂತೆ ಮೇಷ್ಟ್ರನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕಬೇಕಿತ್ತು. ಆ ಚಳಿಗಾಲದಲ್ಲಿ ಪ್ರುಡೆನ್ಸ್ ಎಂಬ ರೈತ ಹೆಂಗಸಿನ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಅವಳೊಬ್ಬಳೇ ಒಡೆದ ಸೌದೆ ಮನೆಯ ಒಲೆಗೇ ಸಾಲುತ್ತಿರಲಿಲ್ಲ.

"ಸೌದೆ ತರದವರಿಗೆ ಬೆಂಕಿಯ ಹತ್ತಿರ ಜಾಗವಿಲ್ಲ" ಎಂದು ವಿಟ್ಲಾಕ್ ಮೇಷ್ಟ್ರು ಅವಳ ಇಬ್ಬರು ಹೆಣ್ಣುಮಕ್ಕಳನ್ನು ಬಾಗಿಲ ಬಳಿ ಕೂರಿಸಿದರು. ಮಕ್ಕಳು ಕೆಮ್ಮುತ್ತಾ ಮನೆಗೆ ಬಂದರು. ಪ್ರುಡೆನ್ಸಳಿಗೆ ಮೈಯೆಲ್ಲ ಉರಿಯಿತು. ಆದರೆ ಶಾಲೆ ಬಿಡಿಸಲು ಮನಸ್ಸಿಲ್ಲ.

ಮರುವಾರ ಅವಳ ಸರದಿ ಬಂತು. ಮೇಷ್ಟ್ರು ಒಳಗೆ ಬಂದವರೇ ಅಂಗೈ ಉಜ್ಜುತ್ತಾ ಒಲೆಯ ಮುಂದಿನ ಕುರ್ಚಿಗೆ ಹೊರಟರು.

"ಅಲ್ಲಲ್ಲ ಮೇಷ್ಟ್ರೇ, ನಿಮ್ಮ ಜಾಗ ಇಲ್ಲಿ" ಎಂದು ಪ್ರುಡೆನ್ಸ್ ಬಾಗಿಲ ಪಕ್ಕ ಸ್ಟೂಲು ಹಾಕಿದಳು. "ನೀವೇ ಕಲಿಸಿದ ಪಾಠ. ಸೌದೆ ತಂದಿದ್ದೀರಾ?"

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಬಾಗಿಲ ಸಂದಿಯ ಗಾಳಿಗೆ ಹಲ್ಲು ಕಟಕಟ ಅಂದಿತು. ಎದ್ದು ನಿಂತು ಕೇಳಿದರು, "ಕೊಡಲಿ ಎಲ್ಲಿದೆಯಮ್ಮಾ?"

"ಹಿತ್ತಿಲಲ್ಲಿ. ಶಾಲೆಗೆ ಹೋಗಬೇಕಾದ ಗಾಡಿಯೂ ಅಲ್ಲೇ ಇದೆ. ಅದು ತುಂಬಿದ ಮೇಲೆ ಊಟಕ್ಕೆ ಬನ್ನಿ."

ಮರುದಿನ ಶಾಲೆಗೆ ಸೌದೆ ಬಂತು. ಮೇಷ್ಟ್ರು ಹುಡುಗಿಯರಿಬ್ಬರನ್ನೂ ಬೆಂಕಿಯ ಪಕ್ಕ ಕೂರಿಸಿದರು. ಆಮೇಲೆ ಬೊಬ್ಬೆಯೆದ್ದ ಅಂಗೈಗಳನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು, "ಇವತ್ತು ಬರವಣಿಗೆ ಬೇಡ, ಬರೀ ಬಾಯಿಪಾಠ" ಅಂದರು.