ನೀರುಕೋಳಿಯ ಹಣೆಗೆ ನಾಮ ಹಾಕಿದವರು ಯಾರು?

ಮಕ್ಕಳೇ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಿಮ್ಮ ಚಿಕ್ಕಪ್ಪನ ಮೀಸೆ ಉದುರಿಹೋಗಲಿ! ಆಗಷ್ಟೇ ಜಗತ್ತು ಹುಟ್ಟಿತ್ತು, ಬೆಟ್ಟಗಳಿಗೆ ಬಳಿದ ಬಣ್ಣ ಇನ್ನೂ ಹಸಿಯಾಗಿತ್ತು. ನಾನು ಕೆರೆ ಏರಿಯ ಮೇಲೆ ಕೂತು ಎಲ್ಲವನ್ನೂ ಕಣ್ಣಾರೆ ಕಂಡೆ.

ಆ ಕೆರೆಯನ್ನು ಕಾಯುತ್ತಿದ್ದವನು ನೀರುಕೋಳಿ. ಕೊಕ್ಕಿನಿಂದ ಬಾಲದವರೆಗೆ ಕಪ್ಪೋ ಕಪ್ಪು. ಕೆರೆಯನ್ನು ಅವನು ಅವ್ವಾ ಅನ್ನುತ್ತಿದ್ದ.

ಒಂದು ದಿನ ಎಲ್ಲಿಂದಲೋ ಒಂದು ಗಿಡ ತೇಲಿಬಂತು. ನೆಲ ಮುಟ್ಟದ ಬೇರು, ಉಬ್ಬಿದ ದಂಟು, ನೇರಳೆ ಹೂವು, ಹೂವಿನೊಳಗೊಂದು ನವಿಲುಗಣ್ಣು. ಅಬ್ಬಾ, ಚೆಲುವೆಂದರೆ ಚೆಲುವು!

"ಅಣ್ಣಾ, ನನ್ನ ಹೆಸರು ಅಂತರಗಂಗೆ. ಒಂದೆಲೆ ಹಾಸುವಷ್ಟು ಜಾಗ ಕೊಡು."

"ಗಂಗೆಗೇ ನೀರಲ್ಲಿ ಜಾಗ ಇಲ್ಲ ಅನ್ನೋಕಾಗುತ್ತಾ? ಬಾ ತಂಗಿ, ಬಾ!"

ಒಂದೆಲೆ ಹತ್ತಾಯಿತು. ಹತ್ತು ನೂರಾಯಿತು. ಕೆರೆಯ ಮೇಲೆಲ್ಲ ಹಸಿರು ಕಂಬಳಿ, ಕೆಳಗೆಲ್ಲ ಕತ್ತಲು. ಮೀನುಗಳು ಬಾಯಿಬಾಯಿ ಬಿಟ್ಟವು. ನೀರುಕೋಳಿ ಹಾರಬೇಕಾದರೆ ಮೊದಲು ನೀರಿನ ಮೇಲೆ ಓಡಬೇಕು. ಓಡಲು ನೀರೇ ಕಾಣದು!

"ಮಗಾ, ಉಸಿರು ಕಟ್ಟುತ್ತಿದೆ," ಎಂದಳು ಕೆರೆ. "ಆಕಾಶ ಕಾಣದೆ ಸಾಯ್ತೀನೇನೋ."

ಕಪ್ಪೆಗಳು ಸುಮ್ಮನಿರುತ್ತವೆಯೇ? "ನಾಮ ಹಾಕಿದ್ಲು! ತಂಗಿ ಅಣ್ಣಂಗೆ ನಾಮ ಹಾಕಿದ್ಲು!"

ನೀರುಕೋಳಿಗೆ ಸಿಟ್ಟು ನೆತ್ತಿಗೇರಿತು. ಕಚಕ್ ಕಚಕ್ ಎಂದು ಅಂತರಗಂಗೆಯನ್ನು ತುಂಡುತುಂಡು ಮಾಡಿದ. ಮರುದಿನ ನೋಡಿದರೆ, ತುಂಡಿಗೊಂದು ಬೇರು, ಬೇರಿಗೊಂದು ಗಿಡ!

"ಒಬ್ಬಳೇ ಇದ್ದೆ, ಬಳಗ ಮಾಡಿಕೊಟ್ಟೆಯಲ್ಲ ಅಣ್ಣಾ!" ಎಂದು ಗಿಡಗಳೆಲ್ಲ ನಕ್ಕವು.

ಗಾಳಿ ಕೆಳಗಿಳಿದು ಬಂತು. "ಲೋ ಪೆದ್ದ, ಕತ್ತರಿಸಿದಷ್ಟೂ ಹೆಚ್ಚುತ್ತಾಳೆ. ನಾನು ದಡಕ್ಕೆ ನೂಕ್ತೀನಿ. ನೀನು ಬೇರು ಸಮೇತ ಎಳೆದು ಬಿಸಿಲಿಗೆ ಹಾಕು. ಬೀಜ ಕಟ್ಟೋದಕ್ಕೆ ಮುಂಚೆ!"

ಗಾಳಿ ನೂಕಿತು, ನೀರುಕೋಳಿ ಎಳೆದ. ಬೇರು ಸಮೇತ, ಬೇರು ಸಮೇತ! ಆನೆ ಎಳೆಯುವ ಹೊರೆಯನ್ನು ಆ ಪುಟ್ಟ ಹಕ್ಕಿ ಎಳೆಯುವುದು ನೋಡಿ ಕಪ್ಪೆಗಳು ನಗುವುದನ್ನು ಬಿಟ್ಟು ತಾವೂ ಕೈಹಾಕಿದವು. ಗಾಳಿಗೂ ಬೆವರು ಇಳಿಯಿತು. ದಡದಲ್ಲಿ ಅಂತರಗಂಗೆ ಒಣಗಿ ಗೊಬ್ಬರವಾಯಿತು. ಕೆರೆ ಉದ್ದಕ್ಕೆ ಉಸಿರೆಳೆದಳು. ಆಕಾಶ ದೊಪ್ಪನೆ ಅವಳ ಮಡಿಲಿಗೆ ಬಿತ್ತು!

ಕೆರೆ ದಡದ ಬಿಳಿ ಮಣ್ಣನ್ನು ಕಲಸಿದಳು. "ಹಣೆ ಕೊಡು ಮಗಾ."

"ಅಯ್ಯೋ ಅವ್ವಾ, ಮತ್ತೆ ನಾಮವಾ? ಎಲ್ಲರೂ ನಗ್ತಾರೆ!"

"ಅವಳು ಹಾಕಿದ್ದು ಮೋಸದ ನಾಮ. ಇದು ಗೆದ್ದವನ ನಾಮ. ಅಲ್ಲಾಡಬೇಡ!"

ಅವನು ನಾಚಿ ಅಲ್ಲಾಡಿಯೇಬಿಟ್ಟ. ನಾಮ ಹಣೆಯಿಂದ ಕೊಕ್ಕಿನವರೆಗೂ ಇಳಿಯಿತು.

ಅದಕ್ಕೇ ಇವತ್ತಿಗೂ ಆ ಕಪ್ಪು ಹಕ್ಕಿಯ ಹಣೆ, ಕೊಕ್ಕು ಎರಡೂ ಬೆಳ್ಳಗೆ, ಹೆಸರೂ ನಾಮದ ಕೋಳಿ. ಜನ ಮೊಣಕಾಲು ನೀರಿಗಿಳಿದು ಅಂತರಗಂಗೆಯನ್ನು ಕೀಳುವಾಗ ಅವನು ಈಜುತ್ತ ತಲೆ ಆಡಿಸುವುದು, "ಬೇರು ಸಮೇತ, ಬೇರು ಸಮೇತ" ಅಂತಲೇ.

ಎಲ್ಲ ನಿಜ ಕಣ್ರೋ. ಗಾಳಿಗೂ ಬೆವರು ಇಳಿಯಿತು ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು.